ಬೊಮ್ಮಮ್ಮನ ಕೈಯಲ್ಲಿದ್ದ ವಾಕಿಟಾಕಿ

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಹಾಲಸ್ವಾಮಿಯ ಅಂಗಡಿ ಇದೆ. ಅಂಗಡಿ ಎನ್ನುವುದು ದೊಡ್ಡ ಮಾತಾಯಿತು, ಗೂಡು ಎಂದರೆ ಸರಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಮೊದಲು ಅವನು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ, ಆಮೇಲೆ ಟೀವಿ. ಮೊಬೈಲ್ ರಿಪೇರಿ ಅಂಗಡಿಗಳು ಬೀದಿ ಬೀದಿಗೆ ಹುಟ್ಟಿಕೊಂಡ ಮೇಲೆ ಅವನ ಪಾಡು ನೋಡುವಂತಿರಲಿಲ್ಲ. ಅಷ್ಟರಲ್ಲಿ ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು, ಕೂಡ್ಲಿಗಿ ಕಡೆ ಕಲ್ಲು ಕ್ವಾರಿಗಳು ಬಂದವು. ಅಲ್ಲೆಲ್ಲ ಮೊಬೈಲಿಗೆ ಸಿಗ್ನಲ್ಲು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕೆಲಸದವರು ಕೈಯಲ್ಲಿ ಹಿಡಿದು ಮಾತಾಡುವ ವಾಕಿಟಾಕಿ ಸೆಟ್ಟುಗಳನ್ನು ತಂದುಕೊಂಡರು. ಅವು ಕೆಟ್ಟಾಗ ಹುಡುಕಿಕೊಂಡು ಬರಲು ಈ ಸುತ್ತಿನಲ್ಲಿ ಹಾಲಸ್ವಾಮಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಅವನೋ ಅಯ್ಯನೋರ ಮನೆತನದವನು. ಅಜ್ಜ ಹಳ್ಳಿ ಹಳ್ಳಿ ತಿರುಗಿ ಮನೆ ಮನೆಗೆ ವಿಭೂತಿ ಕೊಟ್ಟು ಬಂದವರು. ಮೊಮ್ಮಗ ಸೋಲ್ಡರಿಂಗ್ ಕಡ್ಡಿ ಹಿಡಿದರೂ ಆ ಗೀಳು ಬಿಡಲಿಲ್ಲ. ರಿಪೇರಿಗೆ ಬಂದ ಸೆಟ್ಟನ್ನು ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಮಡಿ ಮಾಡುತ್ತಿದ್ದ, ಆಮೇಲೆ ಬಿಚ್ಚುತ್ತಿದ್ದ. ಕೆಲಸ ಮುಗಿದು, ಮಾತಾಡಿ ನೋಡಿ, ಸರಿ ಎನಿಸಿದ ಮೇಲೆ ಉಜ್ಜಿನಿ ಮಠದಿಂದ ತಂದ ವಿಭೂತಿ ಗಟ್ಟಿಯನ್ನು ನೀರು ಮುಟ್ಟಿಸಿ ತೇಯ್ದು, ಸೆಟ್ಟಿನ ಮುಖಕ್ಕೆ ಮೂರು ಬೆರಳಿನಲ್ಲಿ ಎಳೆದು, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದ. ಜನಕ್ಕೂ ಅದು ಸೇರುತ್ತಿತ್ತು. ಅಯ್ಯನೋರು ಹಚ್ಚಿಕೊಟ್ಟರೆ ಸೆಟ್ಟು ವರ್ಷಗಟ್ಟಲೆ ಕೆಡುವುದಿಲ್ಲ ಎಂಬ ಮಾತು ಗಾಳಿಯಂತ್ರದವರಲ್ಲೂ ಹಬ್ಬಿತ್ತು. ಗ್ಯಾರಂಟಿ ಕಾರ್ಡು ಕೊಡುವ ಕಂಪನಿಗಳಿಗೂ ಇಂಥ ಹೆಸರಿಲ್ಲ.

ಹಿಂದಿನ ಬೇಸಿಗೆಯಲ್ಲಿ ಕ್ವಾರಿಯೊಂದರ ಮ್ಯಾನೇಜರ್ ಶ್ರೀನಾಥ ತನ್ನ ಸೆಟ್ಟುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದ. ಜೊತೆಗೆ ಬೊಮ್ಮಮ್ಮ ಇದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಬಂಡೆ ಸಿಡಿಸುವ ಹೊತ್ತಿಗೆ ಗುಡ್ಡದ ಹಿಂದಿನ ಕುರಿಹಾದಿಯಲ್ಲಿ ಕೆಂಪು ಬಾವುಟ ಹಿಡಿದು ನಿಂತು, ಯಾರೂ ಒಳಗೆ ಬರದಂತೆ ತಡೆಯುವುದು ಅವಳ ಕೆಲಸ.

"ಅಯ್ಯನೋರ, ನಮ್ಮ ಸೆಟ್ನ್ಯಾಗ ಯಾವ್ಯಾವನೋ ಮಾತಾಡ್ತಾನ್ರಿ," ಎಂದ ಶ್ರೀನಾಥ. "ಮೊನ್ನಿ ಮದ್ದು ತುಂಬೋ ಹೊತ್ತಿಗೆ ಮದುವಿ ವಿಡಿಯೋದವ್ರು ಬಂದು, ಹೆಣ್ಣಿನ ಕಡಿಯೋರು ಊಟಕ್ಕ ಬರ್ರಿ ಅಂತ ಕರದ್ರು."

ಹಾಲಸ್ವಾಮಿ ನಕ್ಕ. ಹಳೆಯ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ, ಪ್ರತಿ ಸೆಟ್ಟಿನಲ್ಲಿ ಮೊದಲೇ ಇದ್ದುದನ್ನು ಓದಿಸಿ ಉಳಿಸಿಕೊಂಡ. ಅದನ್ನು ಉಳಿಸಿಕೊಳ್ಳದೆ ಹೊಸದು ಬರೆಯುವವನು ರಿಪೇರಿಯವನೇ ಅಲ್ಲ ಎಂಬುದು ಅವನ ವಾದ. ಆಮೇಲೆ ಹೊಸ ಚಾನೆಲ್ಲು ಬರೆದು, ಅದಕ್ಕೊಂದು ಗುಟ್ಟಿನ ಟೋನು ಸೇರಿಸಿದ. ಆ ಟೋನು ಕಿವಿಗೆ ಕೇಳುವುದಿಲ್ಲ, ಆದರೆ ಅದು ಇದ್ದರೆ ಮಾತ್ರ ಎದುರಿನ ಸೆಟ್ಟು ಬಾಯಿ ತೆರೆಯುತ್ತದೆ. ಇನ್ನು ಮದುವೆಯವರು ಎಷ್ಟು ಕರೆದರೂ ಕ್ವಾರಿಗೆ ಕೇಳುವಂತಿರಲಿಲ್ಲ.

ಬೊಮ್ಮಮ್ಮನದು ಹೊಸ ಸೆಟ್ಟು, ಅಗ್ಗದ ಮಾಲು. ಉಳಿದವುಗಳ ಮೈಕು ಅಗಲವಾದ ಜಾಲರಿಯ ಹಿಂದಿದ್ದರೆ ಇದರದು ಮುಖದ ಮೇಲೆ, ಚಾನೆಲ್ಲು ತಿರುಗಿಸುವ ಗುಬುಟಿನ ಕೆಳಗೆ ಸಾಸಿವೆ ಕಾಳು ಹಿಡಿಸುವಷ್ಟು ಸಣ್ಣ ತೂತು. ಹಾಲಸ್ವಾಮಿ ಅವಳಿಗೆ ಬಟನ್ ತೋರಿಸಿ ಹೇಳಿಕೊಟ್ಟ. "ಒತ್ತಿ ಹಿಡಿ ಯಮ್ಮಾ, ಒಂದು ಉಸಿರು ತಡಿ, ಆಮ್ಯಾಲೆ ಮಾತಾಡು. ಮಾತು ಮುಗಿಯೋತನಕ ಬಿಡಬ್ಯಾಡ." ಅವಳು ಹೊರಗೆ ಬಸ್ಸುಗಳ ನಡುವೆ ನಿಂತು "ಅಯ್ಯನೋರ, ಕೇಳತೈತ್ರ್ಯಾ?" ಎಂದು ಕೂಗಿದಳು. ಮಾತು ಗಂಟೆ ಹೊಡೆದಂತೆ ಬಂತು. ಆಮೇಲೆ ಸೆಟ್ಟಿನ ಮುಖಕ್ಕೆ ವಿಭೂತಿ ಎಳೆಸಿಕೊಂಡು, ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.

ಆ ಕ್ವಾರಿಯಲ್ಲಿ ಒಂದು ಪದ್ಧತಿ ಇತ್ತು. ಪದ್ಧತಿಯಲ್ಲ, ಸೋಮಾರಿತನ. ಸೈರನ್ ಆದ ಮೇಲೆ ದಾರಿ ಕಾಯುವವರು ಒಬ್ಬೊಬ್ಬರಾಗಿ "ದಾರಿ ಖಾಲಿ" ಎಂದು ಹೇಳಬೇಕಾದದ್ದು ನ್ಯಾಯ. ಶ್ರೀನಾಥನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? "ತೊಂದ್ರಿ ಇದ್ರ ಅಷ್ಟ ಬಾಯಿ ಬಿಡ್ರಿ, ಇಲ್ಲಾಂದ್ರ ಸುಮ್ನಿರ್ರಿ" ಎಂದು ಕಟ್ಟು ಮಾಡಿಟ್ಟಿದ್ದ. ಹಾಗಾಗಿ ಸೆಟ್ಟು ಬಂದ ಮೇಲೆ ಬೊಮ್ಮಮ್ಮ ಅದರಲ್ಲಿ ಒಂದು ಮಾತೂ ಆಡಿರಲಿಲ್ಲ. ಆಡುವ ಪ್ರಸಂಗವೇ ಬಂದಿರಲಿಲ್ಲ.

ಆ ಪ್ರಸಂಗ ಬಂದ ದಿನ ಕುರಿ ಕಾಯುವ ಸುಂಕಪ್ಪನ ಟಗರು ಹಾದಿ ಬಿಟ್ಟು ಗುಡ್ಡದ ಕಡೆ ಓಡಿತು. ಸುಂಕಪ್ಪ ಅದರ ಬೆನ್ನು ಹತ್ತಿದ. ಬೊಮ್ಮಮ್ಮ ಬಾವುಟ ಬೀಸಿದಳಂತೆ, ಬಟನ್ ಒತ್ತಿ ಸಿಡಿಸಬೇಡಿ ಎಂದು ಕೂಗಿದಳಂತೆ. ಆದರೂ ಬಂಡೆ ಸಿಡಿಯಿತು. ಹಾರಿ ಬಂದ ಕಲ್ಲು ಸುಂಕಪ್ಪನ ಮೊಣಕಾಲಿಗೆ ಬಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಆ ಕಾಲನ್ನು ತೆಗೆದುಹಾಕಿದರು.

ಮಾರನೆಯ ದಿನವೇ ಶ್ರೀನಾಥ ಸೆಟ್ಟು ಹಿಡಿದುಕೊಂಡು ಅಂಗಡಿಗೆ ಬಂದ. ಹಿಂದೆ ಬೊಮ್ಮಮ್ಮ. ಕಣ್ಣು ಕೆಂಪಗೆ ಊದಿಕೊಂಡಿದ್ದವು.

"ಸಿಡಿಸೋನ ಸೆಟ್ನ್ಯಾಗ ಲೈಟ್ ಹತ್ತಿತ್ತಂತ್ರಿ, ಮಾತು ಮಾತ್ರ ಒಂದೂ ಬರ್ಲಿಲ್ಲಂತ," ಎಂದ ಶ್ರೀನಾಥ. "ಈಕಿ ನೋಡಿದ್ರ ಕೂಗಿದೆ ಅಂತಾಳ. ಯಾವ್ದು ಖರೆ, ನೀವ ಹೇಳ್ರಿ."

ಹಾಲಸ್ವಾಮಿ ಸೆಟ್ಟು ತೆಗೆದುಕೊಂಡ. ಎಂದಿನಂತೆ ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ಮುಖ, ಮೂಲೆ, ಸಂದು ಎಲ್ಲ ಒರೆಸಿದ. ಆಮೇಲೆ ಬಟನ್ ಒತ್ತಿ ಮಾತಾಡಿದ. ಎದುರಿನ ಸೆಟ್ಟಿನಲ್ಲಿ ಅವನ ದನಿ ಸ್ವಚ್ಛವಾಗಿ ಬಂತು. ಬ್ಯಾಟರಿ ನೋಡಿದ, ಚಾನೆಲ್ಲು ನೋಡಿದ, ಟೋನು ನೋಡಿದ. ಎಲ್ಲ ತಾನು ಬರೆದಂತೆಯೇ ಇತ್ತು.

"ಸೆಟ್ ಸರಿ ಐತ್ರಿ," ಎಂದ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಗೊತ್ತಿದ್ದವನಿಗೆ ಹೇಳುವ ಚಪಲ. "ಲೈಟ್ ಹತ್ತೈತಿ ಅಂದ್ರ ಬಟನ್ ಒತ್ತ್ಯಾರ. ಮೈಕೂ ಸರಿ ಐತಿ. ಮಾತು ಬಂದಿಲ್ಲ ಅಂದ್ರ, ಮಾತಾಡಿಲ್ಲ."

ಬೊಮ್ಮಮ್ಮ ಅವನನ್ನೇ ನೋಡಿದಳು. "ಅಯ್ಯನೋರ, ನಾ ಕೂಗೀನ್ರಿ," ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ಶ್ರೀನಾಥ ಅವಳ ಕಡೆ ತಿರುಗಿಯೂ ನೋಡಲಿಲ್ಲ. ನಿದ್ದೆಗಣ್ಣಿನಲ್ಲಿ ಬಟನ್ ಒತ್ತಿದ್ದಾಳೆ ಎಂದು ಅಲ್ಲೇ ತೀರ್ಪು ಕೊಟ್ಟು, ಆ ದಿನವೇ ಕೆಲಸದಿಂದ ತೆಗೆದ. ಸುಂಕಪ್ಪನನ್ನು ಕೇಳಿದರೆ ಅವನು ನನಗೇನೂ ನೆನಪಿಲ್ಲ ಎಂದ. ಊರಿಗೆ ಇನ್ನೇನು ಬೇಕು? ನಿದ್ದೆ ಮಾಡಿ ಒಬ್ಬನ ಕಾಲು ಕಳೆದವಳು ಎಂದು ಬಾವಿಕಟ್ಟೆಯಿಂದ ಹಿಟ್ಟಿನ ಗಿರಣಿಯವರೆಗೆ ಆಡಿಕೊಂಡಿತು.

ಹಾಲಸ್ವಾಮಿಗೆ ಅವಳ ನೋಟ ಮರೆಯಲಾಗಲಿಲ್ಲ. ಇನ್ನೊಂದು ಸಲ ನೋಡಿಬಿಡೋಣ ಎಂದು, ಶ್ರೀನಾಥ ಬಿಟ್ಟುಹೋಗಿದ್ದ ಅದೇ ಸೆಟ್ಟನ್ನು ತೆಗೆದುಕೊಂಡು ಕೆರೆ ಏರಿಯ ಮೇಲೆ ಹೋಗಿ, ಅಲ್ಲಿಂದ ಅಂಗಡಿಯಲ್ಲಿದ್ದ ಹೆಂಡತಿ ನಾಗಲಿಂಗಮ್ಮನನ್ನು ಕರೆದ. ಮೇಜಿನ ಮೇಲೆ ಎದುರುಬದುರು ಇಟ್ಟರೆ ಸತ್ತ ಸೆಟ್ಟೂ ಮಾತಾಡುತ್ತದೆ, ದೂರ ಹೋದಾಗಲೇ ಅದರ ಬಣ್ಣ ಗೊತ್ತಾಗುವುದು ಎಂಬ ಆಸೆ ಅವನಿಗೆ. ಹೌದು, ಆಸೆಯೇ. ಆ ಸೆಟ್ಟು ಕೆಟ್ಟಿರಲಿ ಎಂದು ಅವನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದ.

"ಎಲ್ಲಾ ಕೇಳತೈತ್ರಿ," ಎಂದಳು ನಾಗಲಿಂಗಮ್ಮ. "ನಿಮ್ಮ ಏದುಸಿರು ಸೈತ ಕೇಳತೈತಿ."

ಅವನು ಏರಿಯಿಂದ ಇಳಿದು ಬಂದ. ಸೆಟ್ಟು ಸರಿ ಇದ್ದರೆ ಬೊಮ್ಮಮ್ಮ ಸುಳ್ಳಾಡಿದಂತಾಯಿತು, ಅವಳು ನಿಜವಾದರೆ ಸೆಟ್ಟು ಸುಳ್ಳಾಗಬೇಕು. ಮಳೆಗಾಲ ಮುಗಿಯುವವರೆಗೂ ಈ ಹುಳು ಅವನ ತಲೆ ಕೊರೆಯಿತು.

ಒಂದು ಬೆಳಿಗ್ಗೆ ಉಚ್ಚಂಗಿದುರ್ಗದ ಕಡೆ ಗಾಳಿಯಂತ್ರ ಕಾಯುವ ಮೈಲಾರೇಶ್ ಬಂದ. ಅವನ ಕೈಯಲ್ಲೂ ಅಂಥದೇ ಅಗ್ಗದ ಸೆಟ್ಟು. "ನಿಮ್ಮ ಹತ್ರ ತಗೊಂಡೋಗಿ ತಿಂಗಳೂ ಆಗಿಲ್ಲ ಸ್ವಾಮಿ. ಅವರ ಮಾತೆಲ್ಲ ನಂಗೆ ಕೇಳ್ತದೆ. ನಾನು ಮಾತಾಡಿದ್ರೆ ಅವರ ಕಡೆ ಬರೀ ಲೈಟ್ ಹತ್ತುತ್ತಂತೆ, ಮಾತಿಲ್ವಂತೆ."

ಹಾಲಸ್ವಾಮಿ ಸೆಟ್ಟನ್ನು ಅವನ ಕೈಯಿಂದ ಕಿತ್ತುಕೊಂಡ. ಅಭ್ಯಾಸಬಲದಿಂದ ಕೈ ಸ್ಪಿರಿಟ್ಟಿನ ಬಾಟಲಿಗೆ ಹೋಯಿತು. ಬಾಟಲಿ ಖಾಲಿಯಾಗಿತ್ತು. ಸ್ಪಿರಿಟ್ ತರಲು ಮೈಲಾರೇಶನನ್ನೇ ಔಷಧಿ ಅಂಗಡಿಗೆ ಕಳಿಸಿ, ಅವನು ಬರುವುದರೊಳಗೆ ನೋಡಿಬಿಡೋಣ ಎಂದು ಒರೆಸದೆಯೇ ಬಟನ್ ಒತ್ತಿ ಮಾತಾಡಿದ. ಎದುರಿನ ಸೆಟ್ಟಿನಲ್ಲಿ ಹಸಿರು ಲೈಟ್ ಹತ್ತಿತು. ಮಾತು ಬರಲಿಲ್ಲ. ಕೇಬಲ್ ಹಾಕಿ ಎಲ್ಲ ಮತ್ತೆ ಬರೆದ. ಲೈಟ್ ಹತ್ತಿತು, ಮಾತು ಬರಲಿಲ್ಲ. ಆಗ ಸೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಗುಬುಟಿನ ಕೆಳಗಿನ ಸಣ್ಣ ತೂತು ಎಲ್ಲಿತ್ತೋ ಅಲ್ಲಿ ಬೆಳ್ಳಗಿತ್ತು. ಸೂಜಿಯಿಂದ ಮೆಲ್ಲಗೆ ಚುಚ್ಚಿದರೆ ತುದಿಗೆ ಗಟ್ಟಿಯಾದ ಬಿಳಿ ಹೆಪ್ಪು ಬಂತು. ಬೆರಳಿನಲ್ಲಿ ಹೊಸಕಿದ. ವಿಭೂತಿ.

ಮತ್ತೆ ಬಟನ್ ಒತ್ತಿದ. ಏನು ಮಾತಾಡಬೇಕೆಂದು ತಿಳಿಯದೆ "ಅಯ್ಯೋ" ಎಂದ. ಅದು ಎದುರಿನ ಸೆಟ್ಟಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಇಷ್ಟು ವರ್ಷ ಅವನು ಪರೀಕ್ಷೆ ಮಾಡಿದ ಮೇಲೆ ವಿಭೂತಿ ಹಚ್ಚುತ್ತಿದ್ದ, ಹಚ್ಚಿದ ಮೇಲೆ ಪರೀಕ್ಷೆ ಮಾಡುತ್ತಿರಲಿಲ್ಲ. ಕೆಟ್ಟು ಬಂದರೆ ಮೊದಲು ಒರೆಸುತ್ತಿದ್ದ, ಆಮೇಲೆ ನೋಡುತ್ತಿದ್ದ. ಬೊಮ್ಮಮ್ಮನ ಸೆಟ್ಟಿನ ಬಾಯಿ ಮುಚ್ಚಿದ್ದೂ ಅವನ ಕೈಯೇ, ಅವಳ ಎದುರಿನಲ್ಲೇ ಆ ಸಾಕ್ಷಿ ಒರೆಸಿಹಾಕಿದ್ದೂ ಅವನ ಕೈಯೇ. ಮೇಲೆ ಮಾತಾಡಿಲ್ಲ ಎಂದು ತೀರ್ಪು ಬೇರೆ. ಹಾಲಸ್ವಾಮಿಗೆ ತನ್ನ ಕೈ ನೋಡಿಕೊಂಡರೆ ಹೇಸಿಗೆಯಾಯಿತು.

ಮೊದಲು ಕ್ವಾರಿಗೆ ಹೋದ. ಶ್ರೀನಾಥ ಕೇಳಿ, ಆಚೀಚೆ ನೋಡಿ, ದನಿ ತಗ್ಗಿಸಿದ. "ಮುಗದ ಹೋದ ವಿಷಯ ಯಾಕ್ರಿ ಕೆದರ್ತೀರಿ? ದಾರಿ ಖಾಲಿ ಅಂತ ಯಾಕ ಹೇಳಿಸ್ಲಿಲ್ಲ ಅಂತ ನಾಳೆ ನನ್ನ ಕೇಳ್ತಾರ. ನಿಮ್ಮ ಅಂಗಡಿಗೂ ಯಾರೂ ಬರಂಗಿಲ್ಲ. ಆಕಿ ಮರ್ತಾಳ, ನೀವೂ ಮರೀರಿ."

ಮನೆಗೆ ಬಂದು ಅದನ್ನೇ ನಾಗಲಿಂಗಮ್ಮನಿಗೆ ಹೇಳಿದ. ಅರ್ಧ ಮನಸ್ಸಿನಲ್ಲಿ ಅವಳೂ ಸುಮ್ಮನಿರಿ ಎನ್ನಲಿ ಎಂದೇ ಹೇಳಿದ್ದು. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ಆ ಹೆಣ್ಮಗಳಿಗೆ ಹೋಗಿ ಹೇಳೋತನಕ ನಿಮ್ಮ ಕೈಲಿಂದ ನಾ ವಿಭೂತಿ ಹಚ್ಚಿಸಿಕೊಳ್ಳಂಗಿಲ್ರಿ," ಎಂದಳು.

ಬೊಮ್ಮಮ್ಮ ಊರ ಹೊರಗೆ ಯಾರದೋ ಹೊಲದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಉಳಿದ ಹೆಂಗಸರು ಗುಂಪಾಗಿ ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಹಾಲಸ್ವಾಮಿ ಬದುವಿನ ಮೇಲೆ ಕೂತು, ಒಂದನ್ನೂ ಬಿಡದೆ ಹೇಳಿದ. ಅವಳು ಬಳ್ಳಿಯಿಂದ ಕಾಯಿ ಹರಿಯುತ್ತಲೇ ಕೇಳಿದಳು. ಮುಗಿದ ಮೇಲೆ ಕೈ ನಿಂತಿತು.

"ಹಂಗಾರ ನಾ ಕೂಗಿದ್ದು ಖರೇನಾ?" ಎಂದಳು.

"ಅದನ್ನ ನೀನ ಹೇಳಿದ್ದೆಲ್ಲವ್ವಾ."

"ಹೇಳಿದ್ನಿ. ಆಮ್ಯಾಲೆ ಎಲ್ಲಾರೂ ಇಲ್ಲ ಇಲ್ಲ ಅಂದ್ರು. ನೀವೂ ಅಂದ್ರಿ, ಅಯ್ಯನೋರು. ಬಾಯಿ ತಗದಿದ್ನೋ, ಗಾಬ್ರಿಗೆ ಗಂಟಲ ಕಟ್ಟಿತ್ತೋ ಅಂತ ನನಗ ತಿಳೀದಂಗ ಆತು. ಅವನ ಕಾಲು ನಾನ ತಗದೆ ಅಂತ ಅನ್ಕೊಂಡ ಬದುಕೀನ್ರಿ."

ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡು ಬಂದ ಹಾಲಸ್ವಾಮಿಗೆ ಇದು ತಡೆಯದಾಯಿತು. ಅವಳು ಸೀರೆ ಕೊಡವಿ ಎದ್ದಳು. "ಬರ್ರಿ, ಸುಂಕಪ್ಪನ ಮುಂದ ಹೇಳ್ರಿ," ಎಂದಳು.

ಸುಂಕಪ್ಪ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಅಯ್ಯನೋರು ಬಂದದ್ದು ನೋಡಿ ಅಕ್ಕಪಕ್ಕದವರು ಕೂಡಿದರು. ಹಾಲಸ್ವಾಮಿ ತಲೆ ಎತ್ತದೆ, ಇದ್ದದ್ದನ್ನು ಇದ್ದಹಾಗೆ ಹೇಳಿದ.

"ಹಿಂದ ನಿಂತೋರಿಗೆ ಕೇಳಿಲ್ರಿ," ಎಂದಳು ಬೊಮ್ಮಮ್ಮ. "ಇನ್ನೊಮ್ಮಿ ಹೇಳ್ರಿ."

ಅವನು ಜನರ ಕಡೆ ತಿರುಗಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. ಬೊಮ್ಮಮ್ಮ ಕೂಗಿದ್ದಾಳೆ, ಅವಳ ದನಿ ಸೆಟ್ಟಿನೊಳಗೆ ಹೋಗದಂತೆ ಮಾಡಿದವನು ನಾನು ಎಂದ. ಸುಂಕಪ್ಪ ಊರುಗೋಲನ್ನು ಹತ್ತಿರ ಎಳೆದುಕೊಂಡ, ಮತ್ತೆ ದೂರ ಇಟ್ಟ.

"ಆಕಿ ಕೂಗಿದ್ದು ನನಗ ಕೇಳಿತ್ರಿ," ಎಂದ ಕೊನೆಗೆ. "ಟಗರಿನ ಹಿಂದ ಹೊಂಟಿದ್ನಿ, ತಿರುಗಿ ನೋಡ್ಲಿಲ್ಲ. ದವಾಖಾನ್ಯಾಗ ಮ್ಯಾನೇಜರ್ ಬಂದ. ನೆನಪಿಲ್ಲ ಅನ್ನು, ಎಲ್ಲಾ ನಾವ ನೋಡ್ಕೊಂತೀವಿ ಅಂದ. ಕಾಲು ಹೋಗಿತ್ತು. ನೆನಪಿಲ್ಲ ಅಂದ್ನಿ."

ಹಾಲಸ್ವಾಮಿ ತಲೆ ಎತ್ತಿ ಅವನನ್ನು ನೋಡಿದ. ಜನರ ನಡುವೆ ಗುಜುಗುಜು ಎದ್ದಿತು. ಬೊಮ್ಮಮ್ಮ ಯಾರನ್ನೂ ಬಯ್ಯಲಿಲ್ಲ. ಹೋಗಿ ಸುಂಕಪ್ಪನ ಎದುರಿಗೆ, ನೆಲದ ಮೇಲೆ ಕೂತಳು.

"ನಾ ಏನಂತ ಕೂಗಿದ್ನಿ?" ಎಂದಳು. "ಎಲ್ಲಾ ಹೇಳು. ಒಂದೂ ಬಿಡಬ್ಯಾಡ."

ಸುಂಕಪ್ಪ ತಲೆ ತಗ್ಗಿಸಿ, ಆ ದಿನ ಅವಳು ಕೂಗಿದ್ದನ್ನು ಒಂದೊಂದಾಗಿ ಹೇಳತೊಡಗಿದ.