ಮಂದೆಯ ಮೊದಲ ಗೂಟ

ಪುರವರದ ಕಡೆಯ ಆ ಹೊಲದಲ್ಲಿ ಕುರಿಗಾಹಿಯ ಬೆರಳುಗಳು ತುಂಡಾಗಿ ಬಿದ್ದಾಗ ನಾನು ಅವನಿಂದ ಎಷ್ಟು ದೂರ ನಿಂತಿದ್ದೆ ಎಂಬುದರಲ್ಲಿ ನನಗೂ ನನ್ನ ಹೆಂಡತಿಗೂ ಇಂದಿಗೂ ಒಮ್ಮತವಿಲ್ಲ. ನನ್ನ ಪ್ರಕಾರ ಮೂವತ್ತು ಹೆಜ್ಜೆ. ಅವಳ ಪ್ರಕಾರ ಹತ್ತೂ ಇರಲಿಲ್ಲ. ಹತ್ತೇ ಆಗಿದ್ದರೆ ನಾನು ಅಡ್ಡ ಹೋಗಬಹುದಿತ್ತು, ಮೂವತ್ತಾಗಿದ್ದರೆ ಸಾಧ್ಯವಿರಲಿಲ್ಲ. ಮೂವತ್ತು ಎಂದು ನೆನಪಿರುವುದು ನನಗೆ ಅನುಕೂಲ. ಅದಕ್ಕೇ ಆ ನೆನಪನ್ನು ನಾನು ನಂಬುವುದಿಲ್ಲ.

ನಾವು ಅಲ್ಲಿಗೆ ಹೋದದ್ದು ಜಮೀನು ಕೊಳ್ಳಲು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ನನಗೆ ನಿವೃತ್ತಿ ಹತ್ತಿರ ಬಂದಿತ್ತು. ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲದವನು ನಾನು. ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದೆಂದು ಕಾನೂನು ಬದಲಾದ ಮೇಲೆ, ಊರಿಂದ ದೂರ ನಾಲ್ಕು ಎಕರೆ ಹಿಡಿದು ಉಳಿದ ಆಯುಷ್ಯವನ್ನು ಅಲ್ಲಿ ಕಳೆಯುವ ಯೋಚನೆ ತಲೆಗೆ ಹತ್ತಿತು. ಕೊರಟಗೆರೆ, ಪಾವಗಡ, ಶಿರಾ, ಮಧುಗಿರಿ ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಮಾಡಿಕೊಂಡು, ಪ್ರತಿ ಪುಟದಲ್ಲೂ ನೀರು, ಮಣ್ಣು, ರಸ್ತೆ, ನೆರೆಹೊರೆ ಎಂದು ಕಾಲಂ ಎಳೆದೆ. ಭಾನುವಾರ ಬಂತೆಂದರೆ ಹೆಂಡತಿಯನ್ನು ಕಾರಿಗೆ ಹತ್ತಿಸಿಕೊಂಡು ಹೊರಡುತ್ತಿದ್ದೆ.

ಕೊರಟಗೆರೆಯ ಜಮೀನಿಗೆ ನಾವು ಹೋದಾಗ ಜೆಸಿಬಿಯೊಂದು ಹುಣಸೆಮರವನ್ನು ಬುಡಸಮೇತ ಕೀಳುತ್ತಿತ್ತು. ಮರ ಉರುಳಿ ಗೂಡುಗಳು ಚದುರಿದವು. ಇನ್ನೂ ರೆಕ್ಕೆ ಬಾರದ ಮರಿಗಳ ಮೇಲೆಯೇ ಡ್ರೈವರು ಚಕ್ರ ಹತ್ತಿಸಿ ತಿರುಗಿಸಿಕೊಂಡ. ಇನ್ನು ಜಾಗ ಕ್ಲೀನು ಎಂದು ಮಾಲೀಕ ಸಂತೋಷಪಟ್ಟ. ಪಾವಗಡದಲ್ಲಿ, ನಾಗಲಮಡಿಕೆಯ ದಾರಿಯ ಹೊಲವೊಂದರ ಪಕ್ಕ ಬಂಡೆ ಸಿಡಿಸುತ್ತಿದ್ದರು. ಕಲ್ಲಿನ ಚೂರೊಂದು ಹಾರಿಬಂದು ನಮ್ಮ ಕಾರಿನ ಗಾಜು ಒಡೆದು ಹೆಂಡತಿಯ ಹಣೆ ಸೀಳಿತು. "ಪರವಾಲೇದು ಸಾರ್, ಮಧ್ಯಾಹ್ನ ಒಂದ್ ಕಿತ, ಸಾಯಂಕಾಲ ಒಂದ್ ಕಿತ, ಅಷ್ಟೇ ಸಿಡ್ಸೋದು" ಎಂದು ದಲ್ಲಾಳಿ ಸಮಾಧಾನ ಹೇಳಿದ.

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕೆರೆಯ ಹಿಂದಿನ ಹೊಲ ನನಗೆ ಬಹಳ ಹಿಡಿಸಿತ್ತು. ನಾವು ಅಲ್ಲಿ ನಿಂತಿದ್ದಾಗಲೇ, ಕಾಡುಹಂದಿಗೆಂದು ಯಾರೋ ಹಿಟ್ಟಿನುಂಡೆಯಲ್ಲಿ ಹುದುಗಿಸಿಟ್ಟಿದ್ದ ಸಿಡಿಮದ್ದನ್ನು ನಾಯಿಯೊಂದು ಕಚ್ಚಿತು. ಕೆಳದವಡೆ ಹಾರಿಹೋಗಿ, ನಾಲಿಗೆ ಜೋತಾಡುತ್ತ, ಅದು ನಮ್ಮ ಕಾರಿನ ಸುತ್ತ ಎರಡು ಸಲ ಓಡಿತು. ಜಮೀನು ತೋರಿಸಲು ಬಂದವನು ದಪ್ಪ ಕಲ್ಲೊಂದನ್ನೆತ್ತಿ ಅದರ ತಲೆ ಜಜ್ಜಿದ. ಆಮೇಲೆ ಕೈ ತೊಳೆದುಕೊಂಡು ಕೊಳವೆಬಾವಿಯ ಆಳ ಹೇಳಿದ. ಆ ದಿನದ ಪುಟವನ್ನು ಈಗ ತೆಗೆದು ನೋಡಿದರೆ, 'ನೀರು ಚೆನ್ನಾಗಿದೆ' ಎಂದು ನನ್ನದೇ ಅಕ್ಷರದಲ್ಲಿದೆ. ನಾಯಿಯ ವಿಷಯ ಒಂದಕ್ಷರವೂ ಇಲ್ಲ.

ಮಧುಗಿರಿ ತಾಲ್ಲೂಕಿನ ಪುರವರದ ಕಡೆಯ ಹೊಲದಲ್ಲಿ ಮಾತ್ರ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ಕೆಂಪು ಮಣ್ಣು, ಬದುವಿನ ಮೇಲೆ ಹೊಂಗೆಮರ, ದೂರದಲ್ಲಿ ಮಧುಗಿರಿಯ ಬೆಟ್ಟ. ಹೊಲ ಅಣ್ಣ ತಮ್ಮ ಇಬ್ಬರದು. ಭಾಗ ಬಾಯಿಮಾತಿನಲ್ಲಿ ಆಗಿತ್ತು, ಪಹಣಿ ಜಂಟಿಯಾಗಿಯೇ ಇತ್ತು. ನಮ್ಮೊಂದಿಗೆ ಮಾತಾಡುತ್ತಿದ್ದವನು ತಮ್ಮ. ಅಣ್ಣನ ಸಹಿ ನಾನು ಹಾಕಿಸುತ್ತೇನೆ, ನೀವು ಚಿಂತೆ ಬಿಡಿ ಎಂದ. ಎಲ್ಲವನ್ನೂ ಅನುಮಾನಿಸುವ ನಾನು ಅದೊಂದನ್ನು ಅನುಮಾನಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮನೆ ಎಲ್ಲಿ ಕಟ್ಟಬೇಕೆಂದು ನಿಶ್ಚಯಿಸಿಬಿಟ್ಟಿದ್ದೆ. ಮುಂಗಡ ಕೊಟ್ಟು, ಎರಡು ದಿನ ಉಳಿಯೋಣವೆಂದು ಮಧುಗಿರಿಯ ಲಾಡ್ಜಿನಲ್ಲಿ ಕೋಣೆ ಹಿಡಿದೆವು.

ಮಾರನೆಯ ದಿನ ಸಂಜೆ ಹೊಲಕ್ಕೆ ಹೋಗುವಾಗ ದಾರಿಯಲ್ಲಿ ಕುರಿಮಂದೆ ಸಿಕ್ಕಿತು. ಪಾವಗಡದ ಕಡೆಯಿಂದ ಮೇಯಿಸಿಕೊಂಡು ಬಂದಿದ್ದ ಗಂಡ ಹೆಂಡತಿ, ಎರಡು ನಾಯಿ, ಸುಮಾರು ಇನ್ನೂರು ಕುರಿ. ಒಂದು ರಾತ್ರಿ ಕುರಿಗಳನ್ನು ಹೊಲದಲ್ಲಿ ಬಲೆ ಕಟ್ಟಿ ನಿಲ್ಲಿಸಿಕೊಂಡರೆ ಹಿಕ್ಕೆ ಗಂಜಲವೆಲ್ಲ ಮಣ್ಣಿಗೆ ಬೀಳುತ್ತದೆ, ಅದು ಮೂಟೆಗೊಬ್ಬರಕ್ಕಿಂತ ಮೇಲು ಎಂದು ಓದಿದ್ದೆ. ಕಾರು ನಿಲ್ಲಿಸಿ ಮಾತಾಡಿಸಿದೆ. ಕುರಿಗಾಹಿ ಮೊದಲು ಕೇಳಿದ್ದು ಹೊಲ ಯಾರದೆಂದು. ಕೊಳ್ಳುವವರು ನಾವು ಎಂದೆ ಅಂತ ನನ್ನ ನೆನಪು. ನಮ್ಮದೇ ಅಂದುಕೋ ಎಂದಿರಿ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಹೊಲ ತಲುಪಿದ ಮೇಲೆ ಅವನು ಬಲೆಯ ಗೂಟಗಳನ್ನು ಇಳಿಸಿ ಒಂದನ್ನು ನನ್ನ ಕೈಗೆ ಕೊಟ್ಟ. "ಮೊದ್ಲ ಗೂಟ ಹೊಲದೋರೇ ಹೊಡೀಬೇಕು ಸಾರ್" ಎಂದ. ಅವನ ಹೆಂಡತಿ ಕಲ್ಲೊಂದನ್ನು ಎತ್ತಿಕೊಟ್ಟಳು. ಇದೇನೋ ಪೂಜೆಯಂಥದ್ದು ಎಂದುಕೊಂಡು ಹೊಡೆದೆ. ಎರಡನೇ ಏಟು ನನ್ನ ಹೆಬ್ಬೆರಳಿಗೆ ಬಿತ್ತು. ಅವರಿಬ್ಬರೂ ನಕ್ಕರು, ನಾನೂ ನಕ್ಕೆ.

ಆ ಸೀಮೆಯಲ್ಲಿ ಮಂದೆ ನಿಲ್ಲಿಸಿಕೊಂಡವನೇ ಹೊಲದ ಯಜಮಾನ ಎಂಬುದು ನನಗೆ ಗೊತ್ತಿರಲಿಲ್ಲ. ಪಹಣಿಯಲ್ಲಿ ಯಾರ ಹೆಸರಾದರೂ ಇರಲಿ, ಯಾರ ಕರೆಗೆ ಬಲೆ ಎದ್ದಿದೆಯೋ ಹೊಲ ಅವರದಾಯಿತೆಂದು ಬೆಳಗಾಗುವಷ್ಟರಲ್ಲಿ ಊರಿಗೆ ತಿಳಿದುಹೋಗುತ್ತದೆ. ಸಹಿ ಹಾಕಲು ಇನ್ನೂ ಒಪ್ಪಿರದ ಅಣ್ಣನಿಗೂ ಹಾಗೆಯೇ ತಿಳಿಯಿತು.

ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಅವನು ಮಚ್ಚು ಹಿಡಿದು ಬಲೆಯ ಹಗ್ಗಗಳನ್ನು ಕಡಿಯುತ್ತಿದ್ದ. "ಯಾವನ್ಲಾ ನಿನ್ನ ಕರ್ದಿದ್ದು?"

"ಹೊಲದೋರೇ ಕರ್ದವ್ರೆ ಅಣ್ಣಾ" ಎಂದ ಕುರಿಗಾಹಿ. ನಮ್ಮ ಕಾರನ್ನು ಕಂಡು ಕೈ ತೋರಿಸಿದ. "ಅಗೋ ಬಂದ್ರಲ್ಲ, ಅವ್ರನ್ನೇ ಕೇಳು."

"ಹೊಲದೋನು ನಾನ್ ಕಣ್ಲಾ."

ಅಣ್ಣ ನನ್ನ ಕಡೆ ನೋಡಿದ. ನಾನು ಕಾರಿನ ಬಾಗಿಲು ತೆಗೆದು ನಿಂತಿದ್ದೆ. ಹೌದು, ನಾನೇ ಕರೆದೆ ಎಂದು ಹೇಳಲು ಒಂದು ಕ್ಷಣ ಸಾಕಿತ್ತು, ಅದು ನನ್ನ ಬಾಯಿಂದ ಬರಲಿಲ್ಲ. ಅವನು ತಿರುಗಿ, ಹತ್ತಿರವಿದ್ದ ಟಗರಿನ ಬೆನ್ನಿಗೆ ಹೊಡೆದ. ಟಗರು ಹಿಂಗಾಲು ಎಳೆದುಕೊಂಡು ಬಿತ್ತು. ಎರಡನೇ ಏಟು ಎತ್ತಿದಾಗ ಕುರಿಗಾಹಿ ಟಗರಿನ ಮೇಲೆ ಬಾಗಿ ಬಲಗೈ ಅಡ್ಡ ಹಿಡಿದ. ಬೆರಳೆರಡು ಹಾರಿ ಹಿಕ್ಕೆಯ ಮೇಲೆ ಬಿದ್ದವು. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿದ. ಅಣ್ಣ ಅವನ ಪಕ್ಕೆಗೆ ಒದ್ದ, ಬಿದ್ದವನ ಕುತ್ತಿಗೆಯ ಮೇಲೆ ಕಾಲಿಟ್ಟ. ನಾಯಿಯೊಂದು ಅಣ್ಣನ ಮೀನಖಂಡ ಹಿಡಿಯಿತು. ಅದನ್ನೂ ಕಡಿದ. ಬೆದರಿದ ಕುರಿಗಳು ಹರಿದ ಬಲೆ ದಾಟಿ, ಬಿದ್ದಿದ್ದ ತಮ್ಮ ಒಡೆಯನನ್ನೇ ತುಳಿದುಕೊಂಡು ಓಡಿದವು.

ಅಷ್ಟರಲ್ಲಿ ಊರಿಂದ ತಮ್ಮ ಓಡಿಬಂದ. ಬಂದವನೇ ಗುದ್ದಲಿಯ ಕಾವಿನಿಂದ ಅಣ್ಣನ ತಲೆಗೆ ಹೊಡೆದ. ಮಚ್ಚು ಕೆಳಗೆ ಬಿತ್ತು. ಇಬ್ಬರೂ ನೆಲದ ಮೇಲೆ ಹೊರಳಾಡಿ ಒಬ್ಬರ ಮುಖ ಒಬ್ಬರು ಪರಚಿದರು. ಅಣ್ಣನ ಕಿವಿಯನ್ನು ತಮ್ಮ ಕಚ್ಚಿ ಹರಿದ. ಈ ನಡುವೆ ನನ್ನ ಹೆಂಡತಿ ಓಡಿಹೋಗಿ ತನ್ನ ದುಪಟ್ಟಾದಿಂದ ಕುರಿಗಾಹಿಯ ಕೈ ಬಿಗಿದು ಕಟ್ಟಿದ್ದಳು. ಕಾರು ತನ್ನಿ ಎಂದು ಅವಳು ಮೂರು ಸಲ ಕರೆದಳಂತೆ. ನನಗೆ ಒಂದು ಸಲ ಕೇಳಿಸಿದ ನೆನಪು.

ಮಧ್ಯಾಹ್ನ, ಕುರಿಗಾಹಿಯನ್ನು ನಾವು ಕಾರಿನಲ್ಲಿ ತಂದು ಸೇರಿಸಿದ್ದ ಮಧುಗಿರಿಯ ಆಸ್ಪತ್ರೆಯ ಅಂಗಳದಲ್ಲಿ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. ಅಂಗಿಯ ಮೇಲೆ ಅಣ್ಣನ ರಕ್ತ ಇನ್ನೂ ಹಾಗೇ ಇತ್ತು, ಆದರೆ ಇಬ್ಬರೂ ರಾಜಿಯಾಗಿದ್ದರು. ಅಣ್ಣನ ಮೇಲೆ ಕೇಸಾದರೆ ಹೊಲ ಎಷ್ಟೋ ವರ್ಷ ಕೋರ್ಟಿನಲ್ಲಿ ಕೊಳೆಯುತ್ತದೆ ಎಂದ. ಕುರಿಯವನು ತಾನಾಗಿಯೇ ನುಗ್ಗಿದ, ಕೋಲಿನಿಂದ ಅಣ್ಣನ ತಲೆ ಒಡೆದ, ಅದಕ್ಕೆ ಅಣ್ಣ ಮಚ್ಚು ಬೀಸಿದ ಎಂದು ದೂರು ಬರೆಸಿಯಾಗಿದೆ ಎಂದ. "ನೀವು ಇದ್ಕೆ ಉಲ್ಟಾ ಹೇಳ್ದೆ ಇದ್ರೆ ಸಾಕು ಸಾರ್. ಸೋಮವಾರ ಇಬ್ರೂ ಬಂದು ಸಹಿ ಹಾಕ್ತೀವಿ. ಅವ್ನು ಬೇರೆ ಊರೋನು, ಓಯ್ತಾನೆ. ಇಲ್ಲಿ ಬಾಳ್ಬೇಕಾದೋರು ನೀವು ನಾವು."

ಠಾಣೆಯಲ್ಲಿ ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಸರಿಯಾಗಿ ನೆನಪಿಲ್ಲ ಎಂದೆ. ಯಾರು ಮೊದಲು ಹೊಡೆದದ್ದು, ನೆನಪಿಲ್ಲ. ಮಂದೆ ಯಾರು ಕರೆದದ್ದು, ಸ್ಪಷ್ಟವಾಗಿ ನೆನಪಿಲ್ಲ. ನೆನಪನ್ನು ನಂಬುವಂತಿಲ್ಲ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದವನು ನಾನು. ಮಾತು ಸರಾಗವಾಗಿ ಬಂತು. ಬರೆದುಕೊಂಡವರು ತಲೆಯೆತ್ತದೆ ಬರೆದುಕೊಂಡರು.

ಸಂಜೆಯ ಹೊತ್ತಿಗೆ ನನ್ನ ತಲೆಯೊಳಗೆ ಕುರಿಗಾಹಿಯ ಕೈಗೆ ಕೋಲು ಬಂದುಬಿಟ್ಟಿತ್ತು. ಅವನು ಬಾಗುವ ಮೊದಲು ಕೋಲೆತ್ತಿದ್ದು ನನಗೆ ಕಾಣುತ್ತಿತ್ತು, ಕೋಲಿನ ತುದಿಗೆ ಸುತ್ತಿದ್ದ ತಂತಿ ಸಮೇತ. ಹೆಂಡತಿಗೆ ಹೇಳಿದೆ. ಕೋಲು ಬಲೆಯ ಆಚೆ ಬಿದ್ದಿತ್ತು, ನಾನು ಅದನ್ನು ದಾಟಿಯೇ ಅವನ ಹತ್ತಿರ ಹೋದದ್ದು ಎಂದಳು ಅವಳು. ಲಾಡ್ಜಿನ ಮಂಚದ ತುದಿಯಲ್ಲಿ ಕೂತು ಕುರ್ತಾದ ರಕ್ತದ ಕಲೆ ಉಜ್ಜುತ್ತಿದ್ದಳು.

ಬೆಳಿಗ್ಗೆ ನಾನೊಬ್ಬನೇ ಆಸ್ಪತ್ರೆಗೆ ಹೋದೆ. ಅವನನ್ನು ನೋಡಿದರೆ ಕೋಲು ಇತ್ತೋ ಇಲ್ಲವೋ ಖಚಿತವಾದೀತು ಎಂಬ ಮೂರ್ಖ ಆಸೆಯಿದ್ದಿರಬಹುದು. ಕುರಿಗಾಹಿ ಮಲಗಿದ್ದ. ಕೈ ಬಟ್ಟೆಯುಂಡೆಯಂತಿತ್ತು, ಕುತ್ತಿಗೆಯ ಮೇಲೆ ಚಪ್ಪಲಿಯ ಗುರುತು ಕಪ್ಪಗೆ ಎದ್ದಿತ್ತು. ಅವನ ಹೆಂಡತಿ ಬಾಗಿಲಲ್ಲೇ ನನ್ನನ್ನು ತಡೆದಳು. ನಿಮ್ಮ ಗಂಡನೇ ನುಗ್ಗಿ ಹೊಡೆದನೆಂದು ದೂರು ಬಂದಿದೆ, ಅವನ ಮೇಲೂ ಕೇಸಾಗುತ್ತದೆ ಎಂದೂ, ನಾನು ಏನೂ ನೆನಪಿಲ್ಲ ಎಂದೆನೆಂದೂ ಅವಳಿಗೆ ಯಾರೋ ಹೇಳಿದ್ದರು. ಚೆದುರಿದ ಕುರಿಗಳನ್ನು ಊರವರು ಹಿಡಿದಿಟ್ಟುಕೊಂಡಿದ್ದರು. ನುಗ್ಗಿದ ಮಂದೆ ಎಂದಾದ ಮೇಲೆ ಬಿಡಿಸಿಕೊಳ್ಳಲು ಅವಳಿಗೆ ಬಾಯಿಯಿರಲಿಲ್ಲ.

"ಗೂಟ ಯಾಕ್ ಹೊಡುಸ್ತೀವಿ ಅಂತ ನಿಂಗೊತ್ತಾ?" ಎಂದಳು. ಸಾರ್ ಅನ್ನಲಿಲ್ಲ. "ನಾಳೆ ಏನಾನಾ ಆದ್ರೆ ಹೊಲದೋರು ನಾವ್ ಕರ್ದಿಲ್ಲ ಅನ್ಬಾರ್ದು ಅಂತ. ನಮ್ಮ ಅಪ್ಪನ ಕಾಲ್ದಿಂದ ಒಬ್ರೂ ಅಂಗಂದಿಲ್ಲ. ಗೂಟ ಹೊಡ್ದೋನು ನೀನು, ಕಲ್ಲು ಎತ್ಕೊಟ್ಟೋಳು ನಾನು. ಅದೂ ಮರ್ತೋಯ್ತಾ?"

ಅದು ಮರೆತಿರಲಿಲ್ಲ. ಉಳಿದ ಯಾವುದಕ್ಕೂ ಪುರಾವೆ ಕೊಡಲಾರೆ, ಆದರೆ ಹೆಬ್ಬೆರಳಿನ ಉಗುರು ಕಪ್ಪಾಗಿ ಮಿಡಿಯುತ್ತಿತ್ತು. ಅನುಮಾನಿಸಲು ಅದರಲ್ಲಿ ಜಾಗವಿರಲಿಲ್ಲ. ಅದೊಂದನ್ನು ಒಪ್ಪಿಕೊಂಡ ಮೇಲೆ ಉಳಿದದ್ದು ಒಂದೊಂದಾಗಿ ಹಿಂದೆ ಬಂತು. ಬಾಗಿದ ಬೆನ್ನು, ಖಾಲಿ ಕೈ, ಗುದ್ದಲಿಯ ಕಾವು ಯಾರ ಕೈಯಲ್ಲಿತ್ತು ಎಂಬುದು.

ಠಾಣೆಗೆ ಹೋಗಿ ಮತ್ತೆ ಹೇಳಿಕೆ ಕೊಟ್ಟೆ. ಮಂದೆ ಕರೆದದ್ದು ನಾನು, ಗೂಟ ಹೊಡೆದದ್ದು ನಾನು, ಅವನ ಕೈಯಲ್ಲಿ ಏನೂ ಇರಲಿಲ್ಲ, ಅಣ್ಣನ ತಲೆ ಒಡೆದದ್ದು ತಮ್ಮ. ನಿನ್ನೆ ನೆನಪಿಲ್ಲದ್ದು ಇವತ್ತು ಹೇಗೆ ಬಂತು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಿನ್ನೆ ಹೇಳಲು ಇಷ್ಟವಿರಲಿಲ್ಲ ಎಂದೆ. ಅದನ್ನೂ ಬರೆದುಕೊಂಡರು.

ಹೊರಗೆ ತಮ್ಮ ಕಾಯುತ್ತಿದ್ದ. ನನ್ನ ಕುತ್ತಿಗೆಪಟ್ಟಿ ಹಿಡಿದು ಕಾಂಪೌಂಡಿನ ಗೋಡೆಗೆ ತಲೆ ಗುದ್ದಿಸಿದ. ಎರಡನೆಯ ಸಲ ಗುದ್ದಿಸುವಾಗ ಕನ್ನಡಕ ಮುರಿದು ಹುಬ್ಬಿಗೆ ಚುಚ್ಚಿತು. ಕಾನ್‌ಸ್ಟೇಬಲ್ ಬಂದು ಬಿಡಿಸಿದ. "ಇನ್ನು ಈ ಕಡೆ ಕಾಲಿಟ್ರೆ ಇದೇ ಮಣ್ಣಾಗೆ ಹೂತ್ಬುಡ್ತೀನಿ" ಎಂದ ತಮ್ಮ. ಅಷ್ಟು ದಿನ ಅದೇ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಡಿದು ತೋರಿಸಿದ್ದವನು ಅವನು. ಅವನ ಮಾತು ಬರೀ ಬೆದರಿಕೆ ಎಂದು ನನಗನ್ನಿಸಲಿಲ್ಲ. ಆ ಹೊಲಕ್ಕೆ ನಾವು ಮತ್ತೆ ಹೋಗಲಿಲ್ಲ.

ಮಂದೆ ನುಗ್ಗಿದ್ದಲ್ಲ ಎಂದಾದ ಮೇಲೆ ಊರವರು ಕುರಿಗಳನ್ನು ಬಿಟ್ಟುಕೊಟ್ಟರು, ಕೆಲವು ಕಡಿಮೆ ಇದ್ದವು. ಹೊರಡುವ ಮೊದಲು ನನ್ನ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದೆ. ಕುರಿಗಾಹಿ ಎದ್ದು ಕೂತು ಎಡಗೈಯಲ್ಲಿ ಮುದ್ದೆ ಮುರಿಯಲು ಒದ್ದಾಡುತ್ತಿದ್ದ. ಉಣ್ಣೆ ಕತ್ತರಿಸುವ ಕೈ ಹೋಯಿತು ಎಂದ, ದೂರುವ ದನಿಯಲ್ಲಲ್ಲ. ನನ್ನ ಹುಬ್ಬಿನ ಗಾಯ ನೋಡಿದ. ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೇಳಿದ.

"ಮೊದ್ಲು ಗ್ಯಾಪಕ ಇಲ್ಲ ಅಂದ್ಯಂತಲ್ಲ ಸಾರ್, ಯಾಕೆ?"

ಮನಸ್ಸಿನ ಬಗ್ಗೆ, ಆಘಾತದ ಬಗ್ಗೆ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆ ಜಮೀನು ಬೇಕಿತ್ತು" ಎಂದೆ.

ಅವನು ತಲೆಯಾಡಿಸಿದ. "ಅಂಗನ್ನು ಮತ್ತೆ" ಎಂದು ತಟ್ಟೆಯ ಕಡೆ ತಿರುಗಿದ.