ಬೇಲಿ ಪಕ್ಕದ ಸೊಪ್ಪು

ದೇವರನ್ನು ತಂದೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಎಂದರೆ ಭಯ, ದೇವರೆಂದರೆ ಇನ್ನೂ ದೊಡ್ಡ ಭಯ. ನಾನು ಇಬ್ಬರ ಕಾಲ ಕೆಳಗಿನ ಹುಳ ಎಂದೇ ನಂಬಿದ್ದೆ.

ಆಗ ಹೊಂಗನೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹಸಿದಿದ್ದವು. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದಿದ್ದರು. "ಬೇಲಿ ಪಕ್ಕದ್ ಸೊಪ್ಪು ಮುಟ್ಬ್ಯಾಡ ಕಣವ್ವ" ಎಂದು ಹೇಳಿ ಅಪ್ಪ ಚನ್ನಪಟ್ಟಣಕ್ಕೆ ಹೋಗಿದ್ದ. ಹಿಪ್ಪುನೇರಳೆ ತೋಟದ ಆ ತುದಿಗೆ ಹೋಗಲು ಸೋಮಾರಿತನ. ನಾನು ಬೇಲಿ ಪಕ್ಕದ್ದನ್ನೇ ಕೊಯ್ದು ತಂದು ಹಾಕಿದೆ.

ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಬಂದ ಹಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ಮಳೆ ನಿಂತಿತು. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆ ಎತ್ತಿ ತೂಗುತ್ತ ಹಸಿರು ನೀರು ಕಕ್ಕುತ್ತಿದ್ದವು.

ಅಪ್ಪ ಬಂದ. ಬಾಗಿಲಲ್ಲೇ ನಿಂತು ಕಿವಿಗೊಟ್ಟ. ಒಂದು ಎಲೆ ಮೂಸಿದ. ಆಮೇಲೆ ನನ್ನ ಕೈ ಹಿಡಿದು ಮೂಸಿದ. ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ದರದರ ಎಳೆದುಕೊಂಡು ಹೋಗಿ, ನೀರಿನ ತೊಟ್ಟಿಯ ಬಳಿ ಕೂರಿಸಿ, ಸೋಪು ಹಚ್ಚಿ ಮೊಣಕೈವರೆಗೂ ಉಜ್ಜತೊಡಗಿದ.

"ಈ ಕೈಲೇ ಉಂಡ್ಯಾ? ತಲೆಗಿಲೆ ಸುತ್ತೈತಾ? ಮಾತಾಡವ್ವ!"

"ಹುಳ ಎಲ್ಲಾ ಸಾಯ್ತಾವೆ ಅಪ್ಪ..."

"ಸತ್ರೆ ಸಾಯ್ಲಿ ಬುಡು. ನೀನು ನನ್ ಮಗ್ಳು ಕಣವ್ವ."

ಬೆನ್ನ ಹಿಂದೆ ಹುಳುಮನೆಯಲ್ಲಿ ಒಂದು ಸದ್ದೂ ಉಳಿದಿರಲಿಲ್ಲ.

ಈಗಲೂ ಕೆಂಗಲ್ಲಿನ ಗುಡಿಯಲ್ಲಿ ಕೈ ಮುಗಿದಾಗ ಮೊದಲು ಆ ಔಷಧಿಯ ವಾಸನೆ ಮೂಗಿಗೆ ಬಡಿಯುತ್ತದೆ. ತಪ್ಪಾಯಿತು ಎನ್ನಲು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಯಾರೋ ನನ್ನ ಕೈ ತೊಳೆಯತೊಡಗಿರುತ್ತಾರೆ.