ಕಾಜಾ ಅಕ್ಕನ ಹಾಡುಗಳು

ಅಂಗಿಯ ಗುಂಡಿ ತೂರುವ ತೂತಿಗೆ ಹೊಲಿಗೆಯವರು ಕಾಜಾ ಎನ್ನುತ್ತಾರೆ. ಆ ಹೊಲಿಗೆ ಕಾರ್ಖಾನೆಯ ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕದ ಕಾಜಾ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತವಳನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ನನ್ನ ಬಾಯಿಗೆ ಗುಂಡಿ ಹಾಕೋ ಗಂಡು ಸಿಗಲಿಲ್ಲ" ಎನ್ನುತ್ತಿದ್ದಳು.

ಅಲ್ಲಿಯ ಹನ್ನೆರಡು ಯಂತ್ರಗಳೂ ಓಡುತ್ತಿದ್ದುದು ಅವಳ ಫೋನಿನ ಹಾಡಿಗೆ. ಅವು ಅವಳ ಅಪ್ಪನ ಹಾಡುಗಳು. ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪ, ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿಯುತ್ತಿದ್ದ. ಹಾಡಿನ ಜೊತೆಗೆ ಮನೆಯೂ ಟೇಪಿಗೆ ಇಳಿದಿತ್ತು. ಅಪ್ಪ ಎಲ್ಲರಿಗೂ "ಶ್" ಎನ್ನುವುದು, ಅಮ್ಮ ಗೊಣಗುವುದು, ಬಾಗಿಲು ಕಿರುಗುಟ್ಟುವುದು. ಇಬ್ಬರೂ ತೀರಿಕೊಂಡ ಮೇಲೆ ಕಾಜಾ ಅಕ್ಕ ಎರಡು ವರ್ಷ, ಕೆಲಸದಿಂದ ಬಂದು, ಒಂದೊಂದೇ ಟೇಪನ್ನು ಓಡಿಸಿ ಕಂಪ್ಯೂಟರಿಗೆ ಇಳಿಸಿದಳು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅದರಲ್ಲಿ ಅವಸರ ನಡೆಯುವುದಿಲ್ಲ. ಒಟ್ಟು ಸಾವಿರದ ನೂರು ಹಾಡು. ಎಲ್ಲವನ್ನೂ ಕ್ಲೌಡಿಗೆ ಏರಿಸಿದಳು.

ಮನೆಗೆ ಬಣ್ಣ ಹೊಡೆಸುವಾಗ ಅತ್ತಿಗೆ, "ಎಲ್ಲಾ ಕ್ಲೌಡಲ್ಲಿ ಇದೆಯಲ್ಲ, ಈ ಬೂಷ್ಟು ಹಿಡಿದ ಟೇಪು ಯಾಕೆ?" ಎಂದಳು. ಕಾಜಾ ಅಕ್ಕ ತಲೆಯಾಡಿಸಿದಳು. ಟೇಪುಗಳು ಕಸದ ಗಾಡಿ ಹತ್ತಿದವು. ಹಾಗೆ ತಲೆಯಾಡಿಸಿದ್ದಕ್ಕೆ ಅವಳು ತನ್ನನ್ನು ತಾನು ಎಂದೂ ಕ್ಷಮಿಸಲಿಲ್ಲ.

ಖಾತೆ ಅಣ್ಣನ ಹೆಸರಿನಲ್ಲಿತ್ತು. ಅಣ್ಣ ಲಾರಿ ಓಡಿಸುವವನು, ಫೋನ್ ಕಳೆಯುವುದರಲ್ಲಿ ನಿಸ್ಸೀಮ. ಅದಕ್ಕೇ ಖಾತೆಗೆ ಕೊಟ್ಟ ನಂಬರು ಅತ್ತಿಗೆಯದು. ಆಮೇಲೆ ನಾದಿನಿಗೂ ಅತ್ತಿಗೆಗೂ ಎಣ್ಣೆ ಸೀಗೆಕಾಯಿಯಾಯಿತು. ಕಾಜಾ ಅಕ್ಕ ಬೇರೆ ಕೋಣೆ ಹಿಡಿದಳು. ಖಾತೆ ಮಾತ್ರ ಪಾಲಾಗಲಿಲ್ಲ.

ಅದು ಒಂದು ಹೊತ್ತಿಗೆ ಒಂದೇ ಫೋನಿನಲ್ಲಿ ಹಾಡುವ ಖಾತೆ. ಅತ್ತಿಗೆ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವವಳು. ಅಲ್ಲಿ ಅವಳು ಹಾಡು ಹಾಕಿದರೆ ಇಲ್ಲಿ ನಿಲ್ಲುತ್ತಿತ್ತು. ಇಲ್ಲಿ ಒತ್ತಿದರೆ ಅಲ್ಲಿ ನಿಲ್ಲುತ್ತಿತ್ತು. ಆರು ತಿಂಗಳಿಂದ ಮಾತು ಬಿಟ್ಟಿದ್ದವರು ದಿನಕ್ಕೆ ನಲವತ್ತು ಸಲ ಹೀಗೆ ಜಗಳವಾಡುತ್ತಿದ್ದರು.

"ಶುರುವಾಯ್ತು ನೋಡಿ, ಹಲ್ಲು ಕಿತ್ತರು" ಎನ್ನುತ್ತಿದ್ದ ಕಟಿಂಗ್ ಮಾಸ್ಟರ್, ಹಾಡು ಅರ್ಧಕ್ಕೆ ನಿಂತಾಗಲೆಲ್ಲ.

ಅಪ್ಪನ ಹಾಡುಗಳ ಪೈಕಿ ಒಂದರಲ್ಲಿ ಎರಡನೇ ಚರಣ ಮುಗಿಯುವಾಗ ಅಡುಗೆಮನೆಯಲ್ಲಿ ಪಾತ್ರೆ ಬೀಳುತ್ತದೆ. "ಹೋಯ್ತು" ಎನ್ನುತ್ತಾಳೆ ಅಮ್ಮ. ಕಾರ್ಖಾನೆಯಲ್ಲಿ ಅದೊಂದು ವಾಡಿಕೆಯಾಗಿತ್ತು. ಪಾತ್ರೆ ಬಿದ್ದ ಕೂಡಲೇ ಹನ್ನೆರಡೂ ಜನ ಅಮ್ಮನ ಜೊತೆ "ಹೋಯ್ತು" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಎಲ್ಲರೂ "ಹೋಯ್ತು" ಎಂದರು. ಪಾತ್ರೆ ಬಿದ್ದಿರಲಿಲ್ಲ. ಅಮ್ಮನ ದನಿಯೂ ಇರಲಿಲ್ಲ. ಹಾಡು ತೊಳೆದ ಗಾಜಿನಂತೆ ಮುಂದೆ ಹೋಯಿತು.

ಕಾಜಾ ಅಕ್ಕ ಯಂತ್ರ ನಿಲ್ಲಿಸಿದಳು. ಇನ್ನೊಂದು ಹಾಡು ಹಾಕಿದಳು, ಮತ್ತೊಂದು ಹಾಕಿದಳು. ಎಲ್ಲಿಯೂ ಅಪ್ಪನ "ಶ್" ಇಲ್ಲ. ಖಾತೆಯ ಸೆಟ್ಟಿಂಗ್ ತೆರೆದು ಒಂದೊಂದೇ ಸಾಲು ಓದುತ್ತ ಹೋದಳು. ಯಾರೋ "ಸಂಗ್ರಹ ಸ್ವಚ್ಛಗೊಳಿಸಿ" ಎಂಬುದನ್ನು ಒತ್ತಿದ್ದರು. ಕಂಪನಿ ತನ್ನ ಬಳಿಯ ಶುಭ್ರ ಪ್ರತಿಗಳನ್ನು ತಂದಿಟ್ಟು, ಅವಳ ಸಾವಿರದ ನೂರು ಹಾಡುಗಳನ್ನು ಕಸದ ಬುಟ್ಟಿಗೆ ಹಾಕಿತ್ತು. ಬುಟ್ಟಿಯಲ್ಲಿ ಮೂವತ್ತು ದಿನ ಉಳಿಯುತ್ತವೆ ಎಂದಿತ್ತು. ಹಿಂದಿನ ರಾತ್ರಿಯವರೆಗೂ ಫೋನಿನಲ್ಲಿ ಉಳಿದಿದ್ದ ಹಳೆಯ ಪ್ರತಿಗಳೇ ಹಾಡುತ್ತಿದ್ದುದರಿಂದ ಅವಳಿಗೆ ತಿಳಿದಿರಲಿಲ್ಲ. ಅಂದು ಮೂವತ್ತನೆಯ ದಿನ. ಹಿಂದಕ್ಕೆ ತರಲು ಆರು ಅಂಕಿಯ ಕೋಡ್ ಬೇಕು, ಅದು ಖಾತೆಯ ನಂಬರಿಗೆ ಹೋಗುತ್ತದೆ.

"ಬೇರೆ ದಾರಿಯಿಲ್ಲವಾ, ಮಾಸ್ಟರ್?"

"ಕಾಲು ಹಿಡೀಬೇಕಕ್ಕ. ಕತ್ತೆದಾದ್ರೂ ಸರಿ."

ಕೋಡ್ ಕಳಿಸುವಂತೆ ಒತ್ತಿ, ಅವಳು ಅತ್ತಿಗೆಗೆ ಫೋನ್ ಮಾಡಿದಳು. ಕೋಡಿನ ಆಯಸ್ಸು ಐದು ನಿಮಿಷ.

"ಕೊರಕೊರ ಅಂತಿತ್ತು, ಹಲ್ಲುನೋವಿನವರಿಗೆ ಇನ್ನೂ ನೋವಾಗ್ತಿತ್ತು. ಅದಕ್ಕೆ ಸ್ವಚ್ಛ ಮಾಡಿದೆ. ತಪ್ಪೇ?" ಎಂದಳು ಅತ್ತಿಗೆ.

"ಕೋಡ್ ಬಂದಿದೆ. ಹೇಳಿ, ಅತ್ತಿಗೆ."

"ಹೇಳ್ತೀನಿ. ನಾನು ಆ ಮನೆಗೆ ಬಂದ ಹೊಸತರಲ್ಲಿ ಎರಡು ವರ್ಷ ನಡುಮನೆ ನಿನ್ನ ಟೇಪಿನದ್ದು. ಗಂಡನ ಜೊತೆ ಮಾತಾಡೋಕೆ ನಾನು ಬಚ್ಚಲಿಗೆ ಹೋಗ್ಬೇಕಿತ್ತು. ನಾಲ್ಕು."

ಕಾಜಾ ಅಕ್ಕ ನಾಲ್ಕನ್ನು ಒತ್ತಿದಳು.

"ಕೆಲಸದಿಂದ ಬಂದು ಒಂದು ಲೋಟ ತೊಳೆದವಳಲ್ಲ ನೀನು. ಒಂಬತ್ತು."

"ಮುಂದೆ."

"ನೆಂಟರ ಎದುರು ನನ್ನನ್ನ 'ಹಲ್ಲು ಎಣಿಸೋಳು' ಅಂದೆ. ಎಲ್ಲರೂ ನಕ್ಕರು. ನೀನು ಎಲ್ಲರಿಗಿಂತ ಜೋರಾಗಿ ನಕ್ಕೆ. ಸೊನ್ನೆ."

ಕಾರ್ಖಾನೆಯಲ್ಲಿ ಒಂದು ಯಂತ್ರವೂ ಓಡುತ್ತಿರಲಿಲ್ಲ. ಮಾಸ್ಟರ್ ಗಡಿಯಾರ ನೋಡಿ ಎರಡು ಬೆರಳು ತೋರಿಸಿದ. ಎರಡೇ ನಿಮಿಷ.

"ನನ್ನ ಹೊಸ ಕೋಟಿಗೆ ಬೇಕೂಂತಲೇ ದೊಡ್ಡ ಕಾಜಾ ಹೊಲಿದೆ. ಗುಂಡಿ ನಿಲ್ಲದೆ ಡಾಕ್ಟರ ಮುಂದೆ ಬಿಚ್ಚಿಕೊಳ್ತು. ಎರಡು."

ಅದು ನಿಜವಾಗಿತ್ತು. ಕಾಜಾ ಅಕ್ಕ ಎರಡನ್ನು ಒತ್ತಿದಳು.

"ಮೊನ್ನೆ ಹಲ್ಲು ಕೀಳೋ ಕುರ್ಚೀಲಿ ಒಂದು ಮಗು ಹಾಡು ಕೇಳ್ತಾ ಸುಮ್ಮನೆ ಕೂತಿತ್ತು. ನೀನು ಹಾಡು ಕಿತ್ಕೊಂಡೆ. ಮಗು ಡಾಕ್ಟರ ಬೆರಳು ಕಚ್ತು. ಇನ್ನೊಂದು ಎರಡು."

"ಇನ್ನೊಂದು ಅಂಕಿ ಇದೆ, ಅತ್ತಿಗೆ."

"ಅದಕ್ಕೆ ಮುಂಚೆ ತಪ್ಪಾಯ್ತು ಅನ್ನು."

ಕಾಜಾ ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಳು. ಮಾಸ್ಟರ್ ಎತ್ತಿದ್ದ ಒಂದು ಬೆರಳನ್ನೂ ಮಡಚುತ್ತಿದ್ದ.

"ತಪ್ಪಾಯ್ತು."

"ಕೇಳಿಸಲಿಲ್ಲ."

"ತಪ್ಪಾಯ್ತು" ಎಂದಳು ಕಾಜಾ ಅಕ್ಕ, ಹನ್ನೆರಡು ಯಂತ್ರಗಳಿಗೂ ಕೇಳುವಂತೆ.

"ಏಳು" ಎಂದು ಅತ್ತಿಗೆ ಫೋನ್ ಇಟ್ಟಳು.

ಹಾಡುಗಳು ಬುಟ್ಟಿಯಿಂದ ಹಿಂದಿರುಗಿದವು. ಇಪ್ಪತ್ತು ದಿನ ಊಟದ ಹೊತ್ತಿನಲ್ಲಿ ಕಾಜಾ ಅಕ್ಕ ಮಾಸ್ಟರ ಕಂಪ್ಯೂಟರಿನ ಮುಂದೆ ಕೂತು, ಪ್ರತಿಯೊಂದನ್ನೂ ಎರಡು ಡಿಸ್ಕಿಗೆ ಇಳಿಸಿದಳು. ಇಳಿದದ್ದನ್ನೆಲ್ಲ ಅರ್ಧ ನಿಮಿಷ ಕೇಳಿ ಗುರುತು ಹಾಕಿದಳು. ಇಪ್ಪತ್ತೊಂದನೆಯ ದಿನ, ಖಾತೆಯಿಂದ ತನ್ನವನ್ನು ಅಳಿಸಲೆಂದು "ಎಲ್ಲವನ್ನೂ ಆರಿಸಿ" ಎಂಬುದನ್ನು ಒತ್ತಿದಳು. ಪಟ್ಟಿಯ ಕೊನೆಯಲ್ಲಿ ಅತ್ತಿಗೆಯ ಸ್ವಂತ ಹಾಡುಗಳು ನಲವತ್ತು ಇದ್ದವು. ಅವಳು ತವರಿನಿಂದ ತಂದು ಏರಿಸಿದ್ದವು. ಕಾಜಾ ಅಕ್ಕ ಅವನ್ನು ನೋಡಿದಳು. ನೋಡಿಯೇ ಅಳಿಸಿದಳು.

ಸಂಜೆ ಅಣ್ಣ ಯಾವುದೋ ಹೆದ್ದಾರಿಯಿಂದ ಫೋನ್ ಮಾಡಿದ.

"ನಿನ್ನವು ನೀನು ತಗೊಂಡೆ, ಸರಿ. ಅವಳ ನಲವತ್ತು ನಿನಗೇನು ಮಾಡಿದ್ವು? ಬೇರೆ ಪ್ರತಿ ಇಲ್ಲ ಅಂತ ಅಳ್ತಿದ್ದಾಳೆ ಕಣೆ."

"ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತೆ, ಅಣ್ಣ. ಕೋಡು ಅತ್ತಿಗೆ ಫೋನಿಗೇ ಬರುತ್ತೆ."

"ಎಲ್ಲಿ ಒತ್ತಬೇಕು ಅಂತ ಅವಳಿಗೆ ಗೊತ್ತಿಲ್ವಲ್ಲ."

"ನನಗೆ ಫೋನ್ ಮಾಡಲಿ, ಹೇಳ್ತೀನಿ. ನಿಧಾನಕ್ಕೆ ಹೇಳ್ತೀನಿ."

ಮೂವತ್ತು ದಿನ ಕಳೆಯಿತು. ಅತ್ತಿಗೆ ಫೋನ್ ಮಾಡಲಿಲ್ಲ.